ಹತ್ತೊಂಬತ್ತು ಸೆಕೆಂಡಿನ ಸದ್ದು

ದೆವ್ವ, ಗಾಳಿ, ಮಾಟ ಅಂತ ಸ್ಟಾಫ್ ರೂಮಿನಲ್ಲಿ ಮಾತು ಶುರುವಾದರೆ ಎದ್ದು ಹೋಗುವವರ ಪೈಕಿ ನಾನು. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೇನೆ. ಉತ್ತರ ಸರಿಯಿದ್ದರೂ ನಡುವಿನ ಹಂತ ಬರೆಯದವರಿಗೆ ಪೂರ್ತಿ ಅಂಕ ಕೊಟ್ಟವಳಲ್ಲ. ಅಂಥವಳು ಈಗ ಇದನ್ನು ಬರೆಯುತ್ತಿದ್ದೇನೆ. ನಗುವವರು ನಕ್ಕುಬಿಡಿ, ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಳ್ಳಲಿಕ್ಕೂ ಮೈಯಲ್ಲಿ ಶಕ್ತಿ ಬೇಕು.

ನಮ್ಮ ಮನೆ ಬನಹಟ್ಟಿಯಲ್ಲಿ. ಅಪ್ಪ ಕೈಮಗ್ಗದ ನೇಕಾರ. ನಾನು ಹೇಳುತ್ತಿರುವ ಹೊತ್ತಿಗೆ ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಮಗ್ಗ ಕಿತ್ತು, ನೇಯುವಾಗ ಕಾಲು ಇಳಿಬಿಡುವ ಕುಣಿ ಮುಚ್ಚಿ, ಮೇಲೆ ಟೈಲ್ಸ್ ಹಾಕಿಸಿದ್ದೆವು. ಅವ್ವನಿಗೆ ಮರೆವಿನ ರೋಗ. ಹಗಲು ಹೇಗೋ ಕಳೆಯುತ್ತಿತ್ತು. ಸಂಜೆ ತಾಟು ಮುಂದಿಟ್ಟರೆ ಮಾತ್ರ, ನಿಮ್ಮಪ್ಪ ಉಂಡರೇನು ಅಂತ ಕೇಳುವಳು. ಅವರು ಮನೆಗೆ ಬಾರದೆ ತಾನು ತುತ್ತು ಮುಟ್ಟುವುದಿಲ್ಲ. ಅಪ್ಪ ಇಲ್ಲವೆಂದು ಹೇಳಿದರೆ ಆಗಷ್ಟೇ ಸುದ್ದಿ ಬಂದವಳಂತೆ ಅಳುವಳು. ದಿನಾ ಸಂಜೆ ಅದೇ ಸಾವು, ಅದೇ ಅಳು, ತಾಟಿನಲ್ಲಿ ಅನ್ನ ಹಾಗೇ. ಅವಳು ಸೊರಗಿದಳು, ಅವಳ ಜೊತೆ ನಾನೂ ಸೊರಗಿದೆ.

ಆಗ ನೆನಪಾದದ್ದು ಇಂಟರ್‌ನೆಟ್ಟಿನಲ್ಲಿದ್ದ ಅಪ್ಪನ ದನಿ. ಹಿಂದೊಮ್ಮೆ ಇಬ್ಬರು ಸಂಶೋಧಕರು ಬಂದು ಸೀರೆ ನೇಯುವ ಬಗ್ಗೆ ಅಪ್ಪನನ್ನು ಮಾತಾಡಿಸಿ, ಆ ಹನ್ನೊಂದು ನಿಮಿಷದ ಮಾತನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಿದ್ದರು. ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟು ಅದನ್ನು ಹಚ್ಚಿದೆ. ಒಳಗೆ ಕೂತ ಅವ್ವ ಕಿವಿಗೊಟ್ಟಳು. ಯಾರೋ ಬಂದಾರ, ಅವರ ಕೂಡ ಮಾತಾಡಾಕತ್ತಾರ ಅಂದುಕೊಂಡು ಅರ್ಧ ರೊಟ್ಟಿ ತಿಂದಳು. ಅಂದಿನಿಂದ ಅದೇ ನಮ್ಮ ದಿನಚರಿಯಾಯಿತು. ಒಂದು ದಿನ ನೋಡಿದರೆ ತಿಂಗಳ ಕೊನೆಗೆ ಈ ವೆಬ್‌ಸೈಟ್ ಮುಚ್ಚಲಾಗುವುದು ಎಂಬ ಸೂಚನೆ. ಇಳಿಸಿಕೊಳ್ಳಲು ದಾರಿ ಕೊಟ್ಟಿರಲಿಲ್ಲ. ಎರಡು ಸಲ ಇಮೇಲ್ ಬರೆದೆ, ಉತ್ತರ ಬರಲಿಲ್ಲ.

ಮೊಬೈಲನ್ನು ಸ್ಪೀಕರಿನ ಹತ್ತಿರ ಹಿಡಿದು ರೆಕಾರ್ಡ್ ಮಾಡಿದೆ. ನಮ್ಮ ಓಣಿಯಲ್ಲಿ ಅದು ನಡೆಯುವ ಮಾತಲ್ಲ. ಎಡಕ್ಕೂ ಬಲಕ್ಕೂ ಪವರ್‌ಲೂಮ್. ಅಪ್ಪನ ದನಿಗಿಂತ ಅವುಗಳ ಖಟಪಟವೇ ತುಂಬಿಕೊಂಡಿತು. ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಪಾಟೀಲ ಸರ್ ಮುಂದೆ ಗೋಳು ತೋಡಿಕೊಂಡೆ. ಕಂಪ್ಯೂಟರಿನಿಂದ ಹೊರಬರುವ ದನಿಯನ್ನು ಕಂಪ್ಯೂಟರೇ ಹಿಡಿದಿಟ್ಟುಕೊಳ್ಳಲು ಬರುತ್ತದೆ ಅಂದರು ಅವರು. ಸೌಂಡ್ ಸೆಟ್ಟಿಂಗಿನಲ್ಲಿ ಸ್ಟೀರಿಯೊ ಮಿಕ್ಸ್ ಎಂಬುದು ಅಡಗಿರುತ್ತದೆ, ಅದನ್ನು ಎಬ್ಬಿಸಬೇಕಂತೆ. ಎಬ್ಬಿಸಿದೆ. ಹನ್ನೊಂದು ನಿಮಿಷ ರೆಕಾರ್ಡ್ ಆಯಿತು, ಒಳಗೆ ಪಿಟ್ಟೆನ್ನುವ ಸದ್ದಿಲ್ಲ. ಮರುದಿನ ಕೇಳಿದರೆ, ದನಿ ಬ್ಲೂಟೂತ್ ಸ್ಪೀಕರಿಗೆ ಹೋಗುತ್ತಿದ್ದರೆ ಸ್ಟೀರಿಯೊ ಮಿಕ್ಸಿಗೆ ಅದು ಸಿಗುವುದಿಲ್ಲವಂತೆ. ಸ್ಪೀಕರ್ ತೆಗೆದು ಮತ್ತೆ ಮಾಡಿದೆ. ನಡುವೆ ವಾಟ್ಸ್ಯಾಪಿನ ಟಿಂಗ್ ಟಿಂಗ್ ಸೇರಿಕೊಂಡಿತು. ಅಡುಗೆ, ಪೇಪರ್ ತಿದ್ದುವುದು, ಅವ್ವನ ಹಾಸಿಗೆ, ಎಲ್ಲ ಮುಗಿಸಿ ಇದಕ್ಕೆ ಕೂರುವಾಗ ಕಣ್ಣು ಕಾಣುತ್ತಿರಲಿಲ್ಲ.

ಕೊನೆಗೆ ಪಾಟೀಲ ಸರ್ ಮನೆಗೇ ಬಂದು, ವಾಟ್ಸ್ಯಾಪ್ ಬಾಯಿ ಮುಚ್ಚಿಸಿ, ಲ್ಯಾಪ್‌ಟಾಪಿನ ಮೈಕ್ ಅನ್ನೇ ಬಂದ್ ಮಾಡಿದರು.

"ಇನ್ನ ಚಿಂತಿ ಬ್ಯಾಡ್ರಿ ಟೀಚರ. ಇದು ಒಳಗಿಂದೊಳಗ ಆಗೂದೈತಿ. ನೀವು ಬಾಜೂಕ ಡೊಳ್ಳು ಬಡದ್ರೂ ಇದರಾಗ ಬರಂಗಿಲ್ಲ" ಅಂದರು.

ಆದರೂ ನಾನು ಅಮಾವಾಸ್ಯೆಗೆ ಕಾದೆ. ಅಂದು ನಮ್ಮಲ್ಲಿ ಮಗ್ಗ ನಡೆಸುವುದಿಲ್ಲ, ಪೂಜೆ ಮಾಡಿ ಬಿಡುತ್ತಾರೆ. ಇಡೀ ಓಣಿ ತಣ್ಣಗಿರುತ್ತದೆ. ಮೈಕೇ ಇಲ್ಲದ ಮೇಲೆ ಓಣಿ ತಣ್ಣಗಿದ್ದರೇನು, ಬಿಟ್ಟರೇನು? ಸದ್ದಿನಲ್ಲಿ ಬೆಳೆದವರಿಗೆ ಸದ್ದಿನ ಭಯ ಸುಮ್ಮನೆ ಹೋಗುವುದಿಲ್ಲ.

ಅದು ಭಾನುವಾರದ ಮಧ್ಯಾಹ್ನ, ಸುಡುಬಿಸಿಲು. ಅವ್ವ ಒಳಗೆ ಮಲಗಿದ್ದಳು. ರೆಕಾರ್ಡಿಂಗ್ ಶುರು ಮಾಡಿ, ಅಪ್ಪನ ಮಾತು ಹಚ್ಚಿ, ಕುರ್ಚಿಗೆ ಒರಗಿದೆ. ಎರಡು ನಿಮಿಷವೂ ಕೇಳಿರಲಿಕ್ಕಿಲ್ಲ, ನಿದ್ದೆ ಹತ್ತಿತು. ಎಚ್ಚರವಾದಾಗ ಮಾತು ಮುಗಿದಿತ್ತು. ರೆಕಾರ್ಡಿಂಗ್ ನಿಲ್ಲಿಸಿದೆ, ಕೊನೆಯ ಖಾಲಿ ಭಾಗ ಕತ್ತರಿಸಿದೆ. ಮೊದಲ ಸ್ವಲ್ಪ ಭಾಗ ಕೇಳಿದರೆ ಅಪ್ಪನ ದನಿ ಸ್ವಚ್ಛವಾಗಿತ್ತು. ಅಂತೂ ಗೆದ್ದೆ ಅಂದುಕೊಂಡೆ.

ಸಂಜೆ ತಾಟು ಕೊಟ್ಟು ಅದನ್ನೇ ಹಚ್ಚಿದೆ. ಅರ್ಧಕ್ಕೆ ಬಂದಾಗ ಅಪ್ಪನ ಮಾತು ನಿಂತಿತು. ಆಮೇಲೆ ಕಟ್ಟಿಗೆಗೆ ಕಟ್ಟಿಗೆ ಬಡಿದ ಸದ್ದು, ಮೂರು ಸಲ. ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ಮತ್ತೆ ಹೆಡ್ಡತನ ಮಾಡಿದೆನಲ್ಲಾ ಅಂತ ನಾನು ತಲೆ ಚಚ್ಚಿಕೊಳ್ಳುವಷ್ಟರಲ್ಲಿ ಒಳಗಿನಿಂದ ಅವ್ವನ ದನಿ ಬಂತು.

"ಬಂದ್ನಿ, ತಡೀರಿ."

ಹೋಗಿ ನೋಡಿದೆ. ಅವ್ವ ನೆಟ್ಟಗೆ ಕೂತಿದ್ದಳು. ಅವಳ ಬಲಗೈ, ಅಲ್ಲಿಲ್ಲದ ರಾಟಿಯನ್ನು ತಿರುಗಿಸುತ್ತಿತ್ತು, ಎಡಗೈ ಕಾಣದ ನೂಲು ಹಿಡಿದಿತ್ತು. ನನಗೆ ಅಲ್ಲೇ ನೆನಪಾಯಿತು. ಲಾಳಿಯೊಳಗೆ ನೂಲು ಸುತ್ತಿಟ್ಟ ಸಣ್ಣ ಕೊಳವೆ, ಅದೇ ಕಂಡಿಕೆ, ತೀರಿದಾಗ ಅಪ್ಪ ಅವ್ವನನ್ನು ಕೂಗುತ್ತಿರಲಿಲ್ಲ. ಪವರ್‌ಲೂಮಿನ ಗದ್ದಲದಲ್ಲಿ ಕೂಗಿದ್ದು ಕೇಳುವುದೆಲ್ಲಿ? ಲಾಳಿಯಿಂದ ಮಗ್ಗದ ಕಟ್ಟಿಗೆಗೆ ಮೂರು ಸಲ ಬಡಿಯುವನು. ಅವ್ವ ರಾಟಿಯಲ್ಲಿ ಹೊಸ ಕಂಡಿಕೆ ಸುತ್ತಿ ತಂದು ಕೊಡುವಳು. ನಾನು ಅದನ್ನು ಪೂರ್ತಿ ಮರೆತಿದ್ದೆ.

ವೆಬ್‌ಸೈಟ್ ಮುಚ್ಚುವವರೆಗೆ ಮೂಲವನ್ನು ನಾಲ್ಕು ಸಲ ಕೇಳಿದೆ. ಆ ಜಾಗದಲ್ಲಿ ಅಪ್ಪ ಎಲ್ಲಿಯೂ ನಿಲ್ಲುವುದಿಲ್ಲ, ಬಡಿಯುವುದಿಲ್ಲ. ನನ್ನ ಫೈಲು ಮೂಲಕ್ಕಿಂತ ಹತ್ತೊಂಬತ್ತು ಸೆಕೆಂಡು ಹೆಚ್ಚು ಉದ್ದ. ನೆಟ್ ತಡೆದು ಮಾತು ನಿಂತಿರಬೇಕು, ಅದು ಸಹಜ ಅಂದರು ಪಾಟೀಲ ಸರ್. ಆದರೆ ಆ ಖಾಲಿಯಲ್ಲಿ ಸದ್ದು ಹೇಗೆ ಬಂತೆಂದು ಕೇಳಿದೆ. ಬೇಕಾದರೆ ಅಷ್ಟನ್ನು ಕತ್ತರಿಸಿ ಕೊಡುತ್ತೇನೆ ಅಂದರು. ನಾನು ಬೇಡ ಅಂದೆ.

ಅಪ್ಪನ ಮಾತು ಉಳಿಸಬೇಕೆಂದು ಅಷ್ಟು ಒದ್ದಾಡಿದೆ. ಆದರೆ ಬಂದವರ ಮುಂದೆ ಆಡಿದಷ್ಟು ಮಾತು ಅಪ್ಪ ಅವ್ವನ ಕೂಡ ಎಂದಾದರೂ ಆಡಿದ್ದನೋ ಇಲ್ಲವೋ. ಈಗ ಅವ್ವ ಆ ಮಾತಿಗೆ ಕಿವಿಗೊಡುವುದಿಲ್ಲ. ಬಡಿದ ಸದ್ದಿಗೆ ಕಾಯುತ್ತಾಳೆ, ಬಂದ್ನಿ ಅನ್ನುತ್ತಾಳೆ, ರಾಟಿ ತಿರುಗಿಸುತ್ತಾಳೆ, ಆಮೇಲೆ ಊಟ ಮಾಡುತ್ತಾಳೆ. ವರ್ಷಗಳಾದವು, ನನಗೆ ಇಂದಿಗೂ ಇದು ಬಗೆಹರಿದಿಲ್ಲ.

ಒಂದು ಸಂಜೆ ತಡೆಯಲಾರದೆ ಅವಳನ್ನೇ ಕೇಳಿದೆ, ಯಾರವ್ವಾ ಅದು, ಯಾಕ ಬಡ್ಯಾಕತ್ತಾರ ಅಂತ. ಅವ್ವ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು.

"ಕಂಡಿಕಿ ತೀರ್ಯಾವ. ಬಡೀಲಾರದ ಏನ್ ಮಾಡ್ತಾರ?"