ಉಂಗುರದೊಳಗಿನ ಎರಡು ಚುಕ್ಕಿ

ಲ್ಯಾಬಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ‘ಅಳತೆ ಅಣ್ಣ’ ಎಂದು. ರೋಗಿಯ ಕಫದಲ್ಲಿರುವ ಬ್ಯಾಕ್ಟೀರಿಯಾವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅದರ ಮೇಲೆ ಔಷಧಿಯ ಬಿಲ್ಲೆ ಇಟ್ಟು, ಬಿಲ್ಲೆಯ ಸುತ್ತ ಏನೂ ಬೆಳೆಯದೆ ಉಳಿದ ಉಂಗುರವನ್ನು ಅಳೆಯುವುದು ಅವನ ಹತ್ತೊಂಬತ್ತು ವರ್ಷಗಳ ಕೆಲಸ. ಉಂಗುರ ಅಗಲವಿದ್ದರೆ ಔಷಧಿ ನಾಟುತ್ತದೆ. ಎರಡು ಸಲ ಅಳೆಯದೆ ಬರೆದವನಲ್ಲ.

ಆ ಸಲ ಎದೆಯ ಸೋಂಕಿನಿಂದ ವಾರ್ಡಿಗೆ ಸೇರಿದ್ದ ಒಬ್ಬ ದರ್ಜಿಯ ತಟ್ಟೆಯಲ್ಲಿ ಉಂಗುರವೇನೋ ಅಗಲವಾಗಿತ್ತು. ಆದರೆ ಅದರೊಳಗೆ ಸಾಸಿವೆಗಿಂತ ಸಣ್ಣ ಎರಡು ಚುಕ್ಕಿ. ಅವನ್ನು ಎತ್ತಿ ಬೇರೆಯಾಗಿ ಬೆಳೆಸಿ ನೋಡಬೇಕೆಂಬುದು ನಿಯಮ. ‘ನನ್ನ ಕೈಯಿಂದಲೇ ಬಿದ್ದ ಕಸ’ ಎಂದುಕೊಂಡು, ‘ನಾಟುತ್ತದೆ’ ಎಂದು ಬರೆದುಬಿಟ್ಟ.

ಔಷಧಿ ಶುರುವಾದ ಆರನೆಯ ದಿನವೂ ದರ್ಜಿಯ ಜ್ವರ ಇಳಿದಿರಲಿಲ್ಲ; ಅಳತೆ ಅಣ್ಣ ವಾರ್ಡಿಗೆ ಹೋದಾಗ ದರ್ಜಿಯ ಹೆಂಡತಿ ಡಾಕ್ಟರ ಮುಂದೆ ಗಂಡನ ಮೇಲೆ ಹರಿಹಾಯುತ್ತಿದ್ದಳು.

“ಮಾತ್ರೆ ನುಂಗೋಕೂ ಸೋಮಾರಿತನ! ದಿಂಬಿನೊಳಗೆ ಬಚ್ಚಿಟ್ಟಿರ್ತಾರೆ, ನೋಡಿ.”

“ಬಿಚ್ಚಿ ನೋಡೇ, ಹೇಗಿದ್ರೂ ಹೊಲಿಯೋನು ನಾನೇ,” ಎಂದ ದರ್ಜಿ ಕೆಮ್ಮುತ್ತಲೇ.

“ತಮಾಷೆ ಸಾಕು,” ಎಂದರು ಡಾಕ್ಟರು. “ಅಳತೆ ಅಣ್ಣನ ರಿಪೋರ್ಟ್ ತಪ್ಪಲ್ಲ. ನೀವೇ ಮಾತ್ರೆ ತಪ್ಪಿಸಿದ್ದೀರ.”

ದರ್ಜಿಯ ಮುಖ ಸಣ್ಣದಾಯಿತು. “ಇರಬಹುದು ಸಾರ್. ಜ್ವರದಲ್ಲಿ ಮರೆತೆನೋ ಏನೋ.”

ಅಳತೆ ಅಣ್ಣ ನೇರ ಲ್ಯಾಬಿಗೆ ಬಂದು, ಫ್ರಿಜ್ಜಿನಲ್ಲಿದ್ದ ಹಳೆಯ ತಟ್ಟೆಯಿಂದ ಆ ಚುಕ್ಕಿಗಳನ್ನೆತ್ತಿ ಹೊಸ ತಟ್ಟೆಗೆ ಹಚ್ಚಿ, ಅದೇ ಔಷಧಿಯ ಬಿಲ್ಲೆ ಇಟ್ಟ. ಮರುದಿನ ನೋಡಿದರೆ ಬಿಲ್ಲೆಯ ಅಂಚಿನವರೆಗೂ ದಟ್ಟ ಬೆಳೆ, ಉಂಗುರವೇ ಇಲ್ಲ.

ಹೊಸಬರಿಗೆ ಪಾಠ ಹೇಳುವವನೇ ಅವನು: “ಸತ್ತವರ ಆಸ್ತಿ ಹೊಡೆಯೋದ್ರಲ್ಲಿ ಇವು ದಾಯಾದಿಗಳಿಗಿಂತ ಚುರುಕು ಕಣ್ರೋ.” ಸತ್ತು ಒಡೆದ ಬ್ಯಾಕ್ಟೀರಿಯಾ ಚೆಲ್ಲಿದ ಡಿಎನ್ಎ ಎಳೆಯನ್ನು ಪಕ್ಕದಲ್ಲಿರುವ ಇನ್ನೊಂದು ಒಳಗೆಳೆದುಕೊಳ್ಳುತ್ತದೆ, ತನ್ನದನ್ನು ಹೋಲುವ ಭಾಗದ ಜಾಗಕ್ಕೆ ಅದನ್ನು ಕೂಡಿಸಿಕೊಳ್ಳುತ್ತದೆ. ಆ ಎಳೆಯಲ್ಲಿ ಔಷಧಿಯನ್ನು ತಡೆಯುವ ಗುಣವಿದ್ದರೆ ಅದೂ ಇದರದಾಗುತ್ತದೆ. ದರ್ಜಿಯ ಎದೆಯಲ್ಲಿ ಹಾಗೆ ಮಾಡಿದವು ಬಹುಶಃ ಬೆರಳೆಣಿಕೆಯಷ್ಟೇ. ಉಳಿದವನ್ನು ಔಷಧಿ ಕೊಂದು, ಇವಕ್ಕೆ ಜಾಗ ಮಾಡಿಕೊಟ್ಟಿತ್ತು. ಆ ಔಷಧಿ ಬರೆಸಿದ್ದು ತಾನು.

ಡಾಕ್ಟರಿಗೆ ತಟ್ಟೆ ತೋರಿಸಿ ತಪ್ಪೊಪ್ಪಿಕೊಂಡ. ಬೇರೆ ಔಷಧಿ ಬರೆದಾಯಿತು. “ಅವರಿಗೂ ನೀವೇ ಹೇಳಿ,” ಎಂದರು ಡಾಕ್ಟರು.

ಹಾಸಿಗೆಯ ಬಳಿ ನಿಂತು ಹೇಳಿದ. “ಇವರು ಒಂದು ಮಾತ್ರೆಯನ್ನೂ ತಪ್ಪಿಸಿಲ್ಲ, ಅಮ್ಮ. ತಪ್ಪಿದ್ದು ನಾನು.”

ಅವಳು ಅವನತ್ತ ನೋಡಲಿಲ್ಲ. ಗಂಡನ ಕಾಲಿನ ಮೇಲಿನ ಹೊದಿಕೆ ಸರಿಮಾಡುತ್ತ, “ಇಷ್ಟು ದಿನ ಬೈದೆನಲ್ರೀ ನಿಮ್ಮನ್ನ,” ಎಂದಳು.