ಹೊಟ್ಟೆ ತುಂಬದ ಕೌದಿ

ಆಳಂದದಲ್ಲಿ ನಮ್ಮ ಓಣಿಯ ಹಿಂದೆ ಹತ್ತಿ ಜಿನ್ನಿಂಗ್ ಮಿಲ್ಲೊಂದಿತ್ತು. ಎಪ್ಪತ್ತರ ದಶಕದ ಕೊನೆಗೆ ಅದು ಮುಚ್ಚಿತು. ಧಣಿ ಯಂತ್ರಗಳನ್ನು ಬಿಚ್ಚಿ ಮಾರಿಕೊಂಡ, ಜಾಗ ಪುರಸಭೆಯ ಪಾಲಾಯಿತು. ಕೆಲಸ ಕಳಕೊಂಡವರಲ್ಲಿ ನನ್ನವ್ವನೂ ಒಬ್ಬಳು. ಅಳುತ್ತ ಕೂಡುವ ಪೈಕಿ ಅಲ್ಲ ಅವಳು. ಮಿಲ್ಲಿನ ನಾಲ್ಕಾರು ಹೆಂಗಸರನ್ನು ಕರಕೊಂಡು ಹೋಗಿ ಖಾಲಿ ಶೆಡ್ಡಿನಲ್ಲಿ ಕೌದಿ ಹೊಲಿಯಲು ಕೂತೇಬಿಟ್ಟಳು. ನಮ್ಮ ಮನೆಗಳಲ್ಲಿ ಕಾಲು ಚಾಚಲೂ ಜಾಗವಿರಲಿಲ್ಲ. ಶೆಡ್ಡಿನಲ್ಲಿ ಕೌದಿಯನ್ನು ಪೂರಾ ಹಾಸಿ, ನಾಲ್ಕೂ ಕಡೆಯಿಂದ ಕೂತು ಹೊಲಿಯಬಹುದಿತ್ತು. ಗಾಣಗಾಪುರದ ಲಾಡ್ಜಿನವರು ಹಳೆ ಸೀರೆ, ಧೋತರ ಕಳಿಸಿ ಯಾತ್ರಿಕರಿಗೆಂದು ಹೊಲಿಸುತ್ತಿದ್ದರು. ನಮ್ಮ ಒಲೆ ಉರಿಯುತ್ತಿದ್ದದ್ದು ಅದರಿಂದಲೇ. ನಾನೂ ಅಲ್ಲೇ ಸೂಜಿ ಹಿಡಿದು ದೊಡ್ಡವಳಾದೆ.

ಕೌದಿಯ ಹೊಟ್ಟೆಯನ್ನು ಹಸಿದಂತೆ ಬಿಟ್ಟು ಮುಚ್ಚಬಾರದು. ಕೊನೆಯ ಮೂಲೆ ಹೊಲಿಯುವ ಮೊದಲು ಒಳಗೊಂದು ರೊಟ್ಟಿಯ ಚೂರು ಇಡುವುದು ನಮ್ಮ ಪದ್ಧತಿ. ಅವ್ವ ಒಮ್ಮೆಯೂ ಅದನ್ನು ತಪ್ಪಿಸಿದವಳಲ್ಲ.

ಶೆಡ್ಡು ಕೆಡವಿ ಅಂಗಡಿಗಳ ಕಾಂಪ್ಲೆಕ್ಸ್ ಕಟ್ಟುತ್ತಾರೆಂಬ ಸುದ್ದಿ ಬಂದಾಗ ಅವ್ವ ಪುರಸಭೆಗೆ ಹೋಗಿ ಸಾಹೇಬರ ಮುಂದೆ ನಿಂತಳು. "ಬಾಡಗಿ ಕೊಡ್ತೇವ್ರಿ, ಶೆಡ್ಡೊಂದು ನಮಗ ಬಿಡ್ರಿ" ಎಂದಳು. ಸಾಹೇಬರು ಗದರಲಿಲ್ಲ. "ನಾನ ಬಂದು ನೋಡ್ತೇನಿ. ಖರೇನ ಅಲ್ಲಿ ಕೆಲಸ ನಡದಿದ್ರ ಬಿಡೂಣಂತ" ಎಂದರು.

ಸಾಹೇಬರು ಬರುತ್ತಾರೆಂದರೆ ನಮ್ಮವರ ಸಡಗರ ಕೇಳಬೇಕೆ! ದೊಡ್ಡವರೆದುರು ಚಿಂದಿ ಹರವಿಕೊಂಡು ಕೂಡುವುದು ಮರ್ಯಾದೆಯಲ್ಲ. ಅರಿವೆಯ ಗಂಟುಗಳನ್ನೆಲ್ಲ ಮನೆಗಳಿಗೆ ಹೊತ್ತು ಹಾಕಿದೆವು. ಅರ್ಧ ಹೊಲಿದ ಕೌದಿಯನ್ನೂ ಮಡಚಿ ಒಯ್ದೆವು. ನೆಲ ತೊಳೆದು, ರಂಗೋಲಿ ಬಿಟ್ಟು, ನಡುವೆ ಒಂದು ಕುರ್ಚಿ ಇಟ್ಟು, ತಲೆ ಮೇಲೆ ಸೆರಗು ಹೊದ್ದು ಹೊರಗೆ ನಿಂತೆವು.

ಸಾಹೇಬರು ಬಾಗಿಲಲ್ಲೇ ನಿಂತು ಒಳಗೆ ಕಣ್ಣಾಡಿಸಿದರು.

"ಎಲ್ಲಾ ಖಾಲಿ ಅದಲ್ಲ ಯವ್ವಾ. ಕೆಲಸ ಎಲ್ಲಿ ನಡದದ?"

"ನೀವು ಬರ್ತೀರಂತ ಎಲ್ಲಾ ತೆಗದಿಟ್ಟೇವ್ರಿ" ಎಂದಳು ಅವ್ವ.

ಸಾಹೇಬರು ನಕ್ಕರು. ಜೊತೆಗೆ ಬಂದ ಕಂಟ್ರಾಕ್ಟರನೂ ನಕ್ಕ. ಆ ನಗು ನೆನೆದರೆ ಇಂದಿಗೂ ನನಗೆ ಮೈ ಉರಿಯುತ್ತದೆ. ನಾವು ಓಡಿ ಹೋಗಿ ಗಂಟುಗಳನ್ನು ತರುವಷ್ಟರಲ್ಲಿ ಜೀಪು ಹೋಗಿತ್ತು. ಮರುದಿನ ಅವ್ವ ಕಚೇರಿಗೆ ಹೋದರೆ, "ನಾನ ಕಣ್ಣಾರೆ ನೋಡೇನಲ್ಲ" ಎಂದು ಸಾಹೇಬರು ಮಾತು ಮುಗಿಸಿದರು.

ಮುಂದಿನ ತಿಂಗಳು ಶೆಡ್ಡು ಕೆಡವಿದರು. ಅಂಗಡಿಗಳೂ ಎದ್ದವು, ನಮ್ಮ ಪೈಕಿ ಯಾರಿಗೂ ಒಂದೂ ಸಿಗಲಿಲ್ಲ. ಹಾಸಲು ಜಾಗವಿಲ್ಲದೆ ಹೆಂಗಸರು ಚದುರಿಹೋದರು, ಕೆಲವರು ಹೊಲದ ಕೂಲಿಗೆ ಬಿದ್ದರು. ಲಾಡ್ಜಿನವರು ಅರಿವೆ ಕಳಿಸುವುದನ್ನು ಬಿಟ್ಟರು.

ಉಳಿದಿದ್ದ ಆ ಅರ್ಧ ಕೌದಿಯನ್ನು ಅವ್ವ ಮನೆಯಲ್ಲೇ ತೊಡೆಯ ಮೇಲೆ ಮಡಚಿ ಮಡಚಿ ಹೊಲಿದಳು. ಅವಳ ಕೈಯ ಹೊಲಿಗೆ ಸೊಟ್ಟಗಾದದ್ದನ್ನು ನಾನು ಕಂಡದ್ದು ಅದೇ ಮೊದಲು. ಕೊನೆಯ ಮೂಲೆ ಬಂದಾಗ ನಾನು ಬುಟ್ಟಿಯಿಂದ ರೊಟ್ಟಿ ತಂದು ಮುರಿಯಲು ಹೋದೆ.

"ಬ್ಯಾಡ. ಇರೂದ ಅದೊಂದು. ನೀ ತಿನ್ನ ಬೇ" ಎಂದು ಅವ್ವ ಮೂಲೆಯನ್ನು ಹಾಗೇ ಹೊಲಿದು ದಾರ ಕಡಿದಳು.