ನೆಲದ ಮೇಲೆ ನಿಂತಿದ್ದ ಅತ್ತೆ

ನಮ್ಮತ್ತೆಯ ಎಡ ಅಂಗೈ ಯಾವಾಗಲೂ ತಣ್ಣಗಿರುತ್ತಿತ್ತು. ಬೆಳಿಗ್ಗೆ ಸ್ನಾನವಾದ ಮೇಲೆ ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಆ ಅಂಗೈ ಮೇಲಿಟ್ಟುಕೊಂಡು, ನೀರೆರೆದು, ವಿಭೂತಿ ಧರಿಸಿ, ಒಂದು ದಳ ಪತ್ರೆ ಏರಿಸಿ ಕೂತರೆಂದರೆ ಒಲೆ ಮೇಲಿನ ಹಾಲು ಉಕ್ಕಿದರೂ ಏಳುವವರಲ್ಲ. ಮಧ್ಯಾಹ್ನದವರೆಗೂ ಆ ಕೈಯಲ್ಲಿ ವಿಭೂತಿಯ ವಾಸನೆ ಇರುತ್ತಿತ್ತು. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಹಣೆಗೆ ಹೋಗುತ್ತಿದ್ದುದು ಅದೇ ಕೈ. ತೊಂಬತ್ತರ ದಶಕದ ನಡುವಿನಲ್ಲಿ ನಾನು ಮದುವೆಯಾಗಿ ಚಾಮರಾಜಪುರಂನ ಅವರ ಬಾಡಿಗೆ ಮನೆಗೆ ಬಂದ ದಿನ, ಹೊಸಿಲಲ್ಲಿ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡದ್ದೂ ಅದೇ. ನನ್ನ ಕೈ ಬೆವರಿ ಒದ್ದೆಯಾಗಿತ್ತು.

"ಎದ್ರಿಕೆನಾ?" ಅಂದರು ಮೆಲ್ಲಗೆ.

"ಇಲ್ಲ ಅತ್ತೆ, ಸೆಖೆ" ಅಂದೆ. ಅದು ಮಾಘಮಾಸ. ಅವರು ನಕ್ಕರು.

ನನ್ನ ಸ್ವಭಾವವೇ ಅದು. ಎತ್ತರ ಕಂಡರೆ ಭಯ, ನಾಯಿ ಕಂಡರೆ ಭಯ, ಲಿಫ್ಟ್ ಕಂಡರೆ ಭಯ. ಆದರೆ ಪುಕ್ಕಲಿ ಅನ್ನಿಸಿಕೊಳ್ಳುವುದಕ್ಕೆ ಇನ್ನೂ ಭಯ. ಹಾಗಾಗಿ ಪ್ರತಿ ಹೆದರಿಕೆಗೂ ಒಂದೊಂದು ನೆಪ ಹೊಲಿಸಿಟ್ಟುಕೊಂಡಿದ್ದೆ. ಲಿಫ್ಟ್ ಹತ್ತದಿದ್ದರೆ ವ್ಯಾಯಾಮ, ಬೆಟ್ಟದ ಮೆಟ್ಟಿಲು ಹತ್ತದಿದ್ದರೆ ಮಂಡಿನೋವು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು ನಾನು. ಕಾರಣ ಕೊಡದೆ ಉತ್ತರ ಬರೆದರೆ ಮಕ್ಕಳಿಗೆ ಅಂಕ ಕೊಡುತ್ತಿರಲಿಲ್ಲ, ನನ್ನ ವಿಷಯದಲ್ಲೂ ಕಾರಣಕ್ಕೆ ಕೊರತೆ ಮಾಡಲಿಲ್ಲ.

ಅತ್ತೆ ನಂಜನಗೂಡಿನ ಕಡೆಯವರು. ಮಾವ ಹೋದ ಮೇಲೆ ಅವರ ಬಟ್ಟೆ ಅಂಗಡಿಯ ಗಲ್ಲಾದಲ್ಲಿ ತಾವೇ ಕೂತು ಮಗನನ್ನು ಓದಿಸಿದವರು. ಸಿಟಿ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲೇ ಕೂರಬೇಕು, ಅವನಿಗೆ "ನಿಧಾನ ಕಣಪ್ಪ, ಎಮ್ಮೆ ಅದೆ" ಅಂತ ಹೇಳುತ್ತಲೇ ಇರಬೇಕು. ಟೀವಿ ಧಾರಾವಾಹಿಯ ಕೆಟ್ಟ ಹೆಂಗಸರಿಗೆ ಬುದ್ಧಿ ಹೇಳುವುದೂ ಉಂಟು. ಆದರೆ ನನಗೆ ಬುದ್ಧಿ ಹೇಳಿದ್ದು ಬಹಳ ಕಡಿಮೆ. ಅವರ ದಾರಿ ಬೇರೆ ಇತ್ತು.

ಆ ದಾರಿ ನನಗೆ ಗೊತ್ತಾದದ್ದು ಶ್ರೀರಾಂಪುರದಲ್ಲಿ ಸ್ವಂತ ಮನೆ ಕಟ್ಟಿಸಿ ಹೋದ ಮೊದಲ ಬೇಸಿಗೆಯಲ್ಲಿ. ತಾರಸಿಗೆ ಇನ್ನೂ ಸುತ್ತುಗೋಡೆ ಬಂದಿರಲಿಲ್ಲ. ಅತ್ತೆಗೆ ಸಂಡಿಗೆ ಇಡುವ ಸಂಭ್ರಮ. ನಾನು ಹಿಟ್ಟಿನ ಪಾತ್ರೆ ಹಿಡಿದು ಕೊನೆಯ ಮೆಟ್ಟಿಲವರೆಗೆ ಹೋಗಿ ಅಲ್ಲೇ ನಿಂತೆ. ಬಿಸಿಲಿಗೆ ತಲೆ ಸುತ್ತುತ್ತದೆ ಅಂದೆ. ಅತ್ತೆ ಮಣೆ ತಂದು ಮೆಟ್ಟಿಲ ಪಕ್ಕದಲ್ಲೇ ಹಾಕಿಕೊಂಡು, "ಇಲ್ಲೇ ಕೂತು ಪಾತ್ರೆಯಿಂದ ಇಟ್ಟು ಕೊಡು" ಅಂದರು. ಮರುದಿನ ಮಣೆ ಒಂದು ಮೊಳ ಆಚೆ ಹೋಗಿತ್ತು. ಅದರ ಮರುದಿನ ಇನ್ನೊಂದು ಮೊಳ. ಊರಿನ ಸುದ್ದಿ ಹೇಳುತ್ತಾ, ನನ್ನ ತವರಿನವರನ್ನು ಛೇಡಿಸುತ್ತಾ ಜರುಗಿಸಿದರು. ಒಂದು ದಿನ ತಲೆಯೆತ್ತಿ ನೋಡಿದರೆ ನಾನು ತಾರಸಿಯ ನಟ್ಟನಡುವೆ ಕೂತಿದ್ದೇನೆ, ಎದುರಿಗೆ ಚಾಮುಂಡಿಬೆಟ್ಟ. ಎದೆ ಧಸಕ್ಕೆಂದಿತು.

"ಅದು ಬಂದ್ರೆ ಅದ್ಕೂ ಒಂದು ಮಣೆ ಆಕು, ಕೂತಿರ್ಲಿ" ಅಂದರು ಅತ್ತೆ. "ಅಡಿಗೆಮನೆಗೆ ಮಾತ್ರ ಬುಡಬೇಡ."

ಅದು ಅಂದರೆ ಭಯ. ಅವರಿಗೆ ಎಲ್ಲ ಗೊತ್ತಿತ್ತು. ನಾನು ಮಾತ್ರ ಬಾಯಿಬಿಟ್ಟು ಒಪ್ಪಿಕೊಳ್ಳಲಿಲ್ಲ.

ಹೀಗೇ ನಡೆದುಹೋಗುತ್ತಿತ್ತೇನೋ, ಮಗಳು ದೊಡ್ಡವಳಾಗದಿದ್ದರೆ. ಅವಳಿಗೆ ಏಳೆಂಟು ವರ್ಷವಿರುವಾಗ ದಸರಾ ವಸ್ತುಪ್ರದರ್ಶನಕ್ಕೆ ಎಲ್ಲರೂ ಹೋಗಿದ್ದೆವು. ಜೈಂಟ್ ವೀಲ್ ಹತ್ತಿಸಲು ಅವಳಪ್ಪ ಎತ್ತಿಕೊಂಡರೆ ಕೊಸರಿಕೊಂಡು ಇಳಿದಳು. "ನಂಗೆ ಮಂಡಿ ನೋಯ್ತಿದೆ" ಅಂದಳು. ನನ್ನದೇ ಮಾತು, ನನ್ನದೇ ಮುಖ. ಪಕ್ಕದ ಮಕ್ಕಳು ಕಿರುಚುತ್ತಾ ಮೇಲೆ ಹೋಗುವುದನ್ನು ಆಸೆಯಿಂದ ನೋಡುತ್ತಾ ನಿಂತಿದ್ದಳು. ಮನೆಗೆ ಬಂದು ಚುರುಮುರಿಯ ಪೊಟ್ಟಣ ಬಿಚ್ಚುತ್ತಾ ಅತ್ತೆ ನನ್ನೊಬ್ಬಳಿಗೇ ಕೇಳುವಂತೆ, "ಮಗೀಗೆ ನಿನ್ನ ಮೂಗು ಬಂದದೆ, ಚೆನ್ನಾಗದೆ. ಇದೂ ಬರಬೇಕಿತ್ತಾ?" ಅಂದರು. ನನಗೆ ಅಳು ಬಂತು. ಅತ್ತೆ ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಊರಾಚೆಯ ವಿಮಾನದ ಬಯಲಿನಲ್ಲಿ ಕೆಲವು ದಿನ ಸ್ಕೈಡೈವಿಂಗ್ ಮಾಡಿಸುತ್ತಾರೆಂದು ಸುದ್ದಿಯಾಯಿತು. ಕಲಿತವರೊಬ್ಬರು ನಮ್ಮನ್ನು ತಮ್ಮ ಎದೆಗೆ ಬಿಗಿದುಕೊಂಡು ವಿಮಾನದಿಂದ ಹಾರುತ್ತಾರೆ, ಪ್ಯಾರಾಚೂಟ್ ಅವರೇ ಬಿಚ್ಚುತ್ತಾರೆ, ನಾವು ಸುಮ್ಮನಿದ್ದರೆ ಸಾಕು. ನಮ್ಮ ಶಾಲೆಯ ಪಿ.ಟಿ. ಮೇಡಂ ಸ್ಟಾಫ್ ರೂಮಿನಲ್ಲಿ, "ನಾನು ಹೋಗ್ತೀನಿ, ಇನ್ಯಾರು ಬರ್ತೀರಿ?" ಅಂದಾಗ ಎಲ್ಲರೂ ನನ್ನ ಕಡೆ ನೋಡಿ ನಕ್ಕರು. "ನನ್ನ ಹೆಸರೂ ಸೇರಿಸಿ" ಅಂದುಬಿಟ್ಟೆ. ಧೈರ್ಯದಿಂದಲ್ಲ, ಜೈಂಟ್ ವೀಲ್ ಕೆಳಗೆ ನಿಂತಿದ್ದ ಮಗಳ ಮುಖ ಕಣ್ಣಮುಂದೆ ಇತ್ತು.

ಮನೆಯಲ್ಲಿ ಹೇಳಿದಾಗ ನನ್ನವರು ಕಾಫಿ ಲೋಟ ಕೆಳಗಿಟ್ಟು, "ತಾರಸಿಗೆ ಗೋಡೆ ಕಟ್ಟಿಸೋವರೆಗೂ ನೀನು ಬಟ್ಟೆ ಒಣಗ್ಹಾಕ್ಲಿಲ್ಲ" ಅಂತ ನೆನಪಿಸಿದರು. ಅತ್ತೆ ಮಾತ್ರ ಗಂಭೀರವಾಗಿ ಕೇಳಿದರು: "ಊಟ ಮಾಡಿ ನೆಗೀಬೇಕೋ, ನೆಗೆದು ಊಟ ಮಾಡ್ಬೇಕೋ?"

ಆ ಭಾನುವಾರ ಚಿತ್ರಾನ್ನದ ಡಬ್ಬಿ ಹಿಡಿದು ಅತ್ತೆಯೂ ಮಗಳೂ ನನ್ನ ಜೊತೆ ಬಂದರು. ನನ್ನವರು ಅಂಗಡಿ ಬಿಡುವಂತಿರಲಿಲ್ಲ. ಬಿಟ್ಟರೂ ನೋಡಲಾರೆ ಅಂದರು. ಪಿ.ಟಿ. ಮೇಡಂ ಮೊದಲ ಸರದಿಯಲ್ಲೇ ಹಾರಿ ಬಂದು ಕುಣಿಯುತ್ತಿದ್ದರು. ನನ್ನ ಸರದಿ ಬಂತು. ಹಾರಿಸುವವರು ಸೈನ್ಯದಿಂದ ನಿವೃತ್ತರಾದವರು. ಬಹಳ ವರ್ಷ ಬೆಂಗಳೂರಿನಲ್ಲಿದ್ದು ಕಲಿತ ಅರೆಬರೆ ಕನ್ನಡದಲ್ಲಿ, "ಕೊರಳಲ್ಲಿ ಏನಿದೆ ಎಲ್ಲ ತೆಗೀರಿ ಮೇಡಂ, ಗಾಳಿಗೆ ಮುಖಕ್ಕೆ ಹೊಡೆಯುತ್ತೆ" ಅಂದರು. ಮಾಂಗಲ್ಯದ ಸರ ತೆಗೆದು ಅತ್ತೆಯ ಕೈಗೆ ಕೊಟ್ಟೆ. ಆಮೇಲೆ ಕೈ ನನ್ನ ಕೊರಳಿನ ಕರಡಿಗೆಗೆ ತಾಗಿತು. ತಕ್ಷಣ ಹೊಳೆಯಿತು.

"ಇದನ್ನ ತೆಗೆಯೋ ಹಾಗಿಲ್ಲ ಸರ್" ಅಂದೆ. "ನಮ್ಮಲ್ಲಿ ಇಷ್ಟಲಿಂಗ ಮೈಮೇಲಿಂದ ಯಾವತ್ತೂ ದೂರ ಮಾಡಲ್ಲ. ಧರ್ಮದ ವಿಷಯ. ಹಾಗಾಗಿ ನಾನು ಹಾರೋಕಾಗಲ್ಲ, ಕ್ಷಮಿಸಿ."

ಹೇಳಿ ಮುಗಿಸುವಷ್ಟರಲ್ಲಿ ಮೈಯೆಲ್ಲ ಹಗುರವಾಯಿತು. ಇಂಥ ಅಪ್ಪಟ ಕಾರಣ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಅವರು ಗೌರವದಿಂದ ತಲೆಯಾಡಿಸಿದರು. ಪಕ್ಕದಲ್ಲಿ ದಿನಕ್ಕೆ ಎರಡು ಹೊತ್ತು ಲಿಂಗಪೂಜೆ ಮಾಡುವ ಅತ್ತೆ ಇದ್ದಾರೆ, ಮೆಚ್ಚಿಕೊಳ್ಳುತ್ತಾರೆ ಅಂದುಕೊಂಡು ಅವರ ಮುಖ ನೋಡಿದೆ. ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು.

"ತಾಳಿ ತೆಗಿವಾಗ ಶಾಸ್ತ್ರ ಎಲ್ಲೋಗಿತ್ತು?" ಅಂದರು. "ಬೆಳಿಗ್ಗೆ ಒಂದು ಗಳಿಗೆ ಅಂಗೈ ಮೇಲೆ ಇಟ್ಕೊ ಅಂದ್ರೆ ಸ್ಕೂಲಿಗೆ ಲೇಟಾಯ್ತದೆ ಅಂತಿದ್ದೆ. ಈಗ ಬುಟ್ಟಿರಕ್ಕಾಗಲ್ವಾ?"

ನಾನು ತಲೆ ತಗ್ಗಿಸಿದೆ. ಅವರ ದನಿ ಮೆತ್ತಗಾಯಿತು.

"ಎದ್ರಿಕೆ ನಿಂದು ಕಣಮ್ಮ. ದೇವ್ರನ್ನ ಯಾಕೆ ಮಧ್ಯಕ್ಕೆ ಎಳೀತೀಯ? ಬ್ಯಾಡ ಅನ್ಸಿದ್ರೆ 'ನಂಗೆ ಎದ್ರಿಕೆ, ನಾನು ನೆಗಿಯಲ್ಲ' ಅಂತ ಅನ್ನು, ಚಿತ್ರಾನ್ನ ತಿಂದು ಮನೆಗೆ ಓಗಣ. ಯಾರೂ ಏನೂ ಅನ್ನಲ್ಲ, ನಾನಂತೂ ಅನ್ನಲ್ಲ. ಆದ್ರೆ ನೆಪ ಮಾತ್ರ ಯೋಳಬೇಡ. ಮಗು ಕೇಳುಸ್ಕತಾ ಅದೆ."

ಹೀಗೆಂದು ತಮ್ಮ ಚೀಲದಿಂದ ಒಂದು ಬಿಳಿ ಬಟ್ಟೆ ತೆಗೆದರು, ಪೂಜೆಯ ಮಡಿಬಟ್ಟೆ. ನನ್ನ ಕರಡಿಗೆ ಬಿಚ್ಚಿ, ಲಿಂಗವನ್ನು ಕಣ್ಣಿಗೊತ್ತಿಕೊಂಡು ಆ ಬಟ್ಟೆಯಲ್ಲಿ ಸುತ್ತಿ, ನನ್ನ ತೋಳು ಮೇಲೇರಿಸಿ ರಟ್ಟೆಗೆ ಬಿಗಿಯಾಗಿ ಕಟ್ಟಿದರು. "ನಮ್ಮಪ್ಪ ಉಳೋಕೆ ಓಗುವಾಗ ಇಂಗೇ ಕಟ್ಕತಿದ್ದದ್ದು. ಬೆಳ್ಳಿ ಮನೆ ನಮಗೆ ಬೇಕು, ಅವನಿಗಲ್ಲ" ಅಂದರು. ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿ, ಡಬ್ಬಿ ಇಟ್ಟಿದ್ದ ಮರದ ನೆರಳಿಗೆ ಹೋಗಿ ನಿಂತುಬಿಟ್ಟರು. ಇನ್ನು ನೀನುಂಟು, ನಿನ್ನ ಭಯ ಉಂಟು ಅನ್ನುವ ಹಾಗೆ.

ನಾನು ಆ ಸೈನಿಕರ ಹತ್ತಿರ ಹೋದೆ. ಮಗಳು ನನ್ನ ಹಿಂದೆಯೇ ಇದ್ದಳು. "ಸರ್, ನಂಗೆ ತುಂಬಾ ಭಯ ಆಗ್ತಿದೆ" ಅಂದೆ. ಬದುಕಿನಲ್ಲಿ ಮೊದಲ ಸಲ ಆ ಮಾತು ಜೋರಾಗಿ ನನ್ನ ಬಾಯಿಂದ ಬಂತು. ಅವರು, "ನಂಗೂ ಆಗುತ್ತೆ ಮೇಡಂ, ದಿನಾ" ಅಂದು ತೋಳಿನ ಗಂಟನ್ನು ಎಳೆದು ನೋಡಿ, ಸರಿ ಇದೆ ಅಂದರು. ಮಗಳು ಬೆರಗಾಗಿ ನನ್ನನ್ನೇ ನೋಡುತ್ತಿದ್ದಳು. ನಾನು ವಿಮಾನ ಹತ್ತಿದೆ.

ಹಾರಿದೆ. ಪ್ಯಾರಾಚೂಟ್ ಬಿಚ್ಚಿಕೊಂಡ ಮೇಲೆ ಕಣ್ಣು ಬಿಟ್ಟಾಗ, ಹುಟ್ಟಿದಾಗಿನಿಂದ ಕತ್ತೆತ್ತಿ ನೋಡುತ್ತಿದ್ದ ಚಾಮುಂಡಿಬೆಟ್ಟ ನನಗಿಂತ ಕೆಳಗಿತ್ತು. ಅದನ್ನು ನೋಡಿ ನಗು ಬಂತು. ನೆಲಕ್ಕೆ ಬಂದಾಗ ಕಾಲೂರಲಾಗದೆ ಕುಕ್ಕರಿಸಿದೆ, ಸೀರೆ ಉಟ್ಟಿರಲಿಲ್ಲವಾದ್ದರಿಂದ ಮಾನ ಉಳಿಯಿತು. ಮಗಳು ಓಡಿಬಂದು ತಬ್ಬಿಕೊಂಡು ಮೊದಲು ತೋರಿಸಿದ್ದು ತನ್ನ ಕೈಯನ್ನು. ಅದರ ಮೇಲೆ ಕೆಂಪಗೆ ಉಗುರಿನ ಗುರುತು.

"ಅಜ್ಜಿ ಕಣ್ಣೇ ಬಿಡ್ಲಿಲ್ಲಮ್ಮ! ನನ್ನ ಕೈ ಹಿಡ್ಕೊಂಡು ಗಡಗಡ ನಡುಗ್ತಾ ಇದ್ರು."

ಅತ್ತೆ ಮರಕ್ಕೆ ಒರಗಿ ಕೂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ಅಷ್ಟು ಗಟ್ಟಿ ಹೆಂಗಸು ನನ್ನನ್ನು ಕಳಿಸಿ ಹಾಗೆ ಒದ್ದಾಡಿದ್ದರು. ಪಕ್ಕದಲ್ಲಿ ಕೂತೆ. ಡಬ್ಬಿ ಬಿಚ್ಚಿ ನನ್ನ ಮುಂದಿಟ್ಟರು. "ಮೇಲಿರೋರಿಗೇನು? ಕೆಳಗೆ ನಿಂತೋರ್ದು ಕಷ್ಟ" ಅಂದರು, ಅಷ್ಟೇ.

ಮುಂದಿನ ದಸರಾದಲ್ಲಿ ಮಗಳು "ನಂಗೆ ಭಯ" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಲೇ ಜೈಂಟ್ ವೀಲ್ ಹತ್ತಿದಳು. ಇಳಿದು ಮತ್ತೆ ಹತ್ತಿದಳು. ನಾನು ಆಕಾಶದಿಂದ ಹಾರಿದ ಕಥೆಯನ್ನು ಶಾಲೆಯಲ್ಲಿ, ಮದುವೆಮನೆಗಳಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿದೆ. ಮೇಲೆ ಹೇಗಿತ್ತು ಎಂದು ಒಮ್ಮೆಯೂ ಕೇಳದವರು ಅತ್ತೆ ಒಬ್ಬರೇ. ನಾನು ಶುರು ಮಾಡಿದರೂ ಎದ್ದು ಹೋಗುತ್ತಿದ್ದರು.

ಅದಾಗಿ ಕೆಲವು ವರ್ಷ ಕಳೆಯುವ ಹೊತ್ತಿಗೆ ಅವರ ಎರಡೂ ಮೂತ್ರಪಿಂಡ ಸೋತವು. ಆಸ್ಪತ್ರೆ ಸಾಕು ಅಂದರು, ಮನೆಗೆ ಕರೆತಂದೆವು. ಒಂದು ಮಧ್ಯಾಹ್ನ ನಾನೊಬ್ಬಳೇ ಪಕ್ಕದಲ್ಲಿದ್ದೆ. ಕಣ್ಣು ಬಿಟ್ಟು ಬಹಳ ಹೊತ್ತು ಸೂರು ನೋಡುತ್ತಿದ್ದವರು ಕೇಳಿದರು:

"ಆವತ್ತು ಇಮಾನದ ಬಾಗಿಲಲ್ಲಿ ಕೂತಿದ್ದಾಗ ಎಂಗಿತ್ತಮ್ಮ?"

ನನಗೆ ಅರ್ಥವಾಯಿತು. "ಭಯ ಆಗ್ತಿದ್ಯಾ ಅತ್ತೆ?"

"ಊಂ" ಅಂದರು.

ಏನೂ ಆಗಲ್ಲ, ಹುಷಾರಾಗ್ತೀರಿ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಅವರ ಮುಂದೆ ಇನ್ನು ಅದನ್ನು ಹೇಳುವಂತಿರಲಿಲ್ಲ.

"ಬಾಗಿಲಲ್ಲಿ ತುಂಬಾ ಭಯ ಅತ್ತೆ" ಅಂದೆ. "ಕಿವಿ ತುಂಬಾ ಗಾಳಿ ಸದ್ದು. ಕಾಲ ಕೆಳಗೆ ಏನೂ ಇಲ್ಲ. ವಾಪಸ್ ಹೋಗ್ಬಿಡೋಣ ಅನ್ಸುತ್ತೆ. ಹಿಡ್ಕೊಂಡಿದ್ದ ಕೈ ಬಿಡೋಕೇ ಆಗಲ್ಲ."

"ಬುಟ್ಟ ಮೇಲೆ?"

"ಬಿಟ್ಟ ಮೇಲೆ ಬೀಳ್ತಿದೀನಿ ಅಂತ ಅನ್ಸಲ್ಲ ಅತ್ತೆ. ಗಾಳಿನೇ ಎತ್ಕೊಂಡ ಹಾಗಿರುತ್ತೆ. ಭಯ ಬಾಗಿಲಲ್ಲೇ ಉಳ್ಕೊಂಡ್ಬಿಡುತ್ತೆ. ಆಮೇಲೆ ಒಂದ್ಸಲ ಮೇಲಕ್ಕೆ ಜಗ್ಗಿದ ಹಾಗಾಗುತ್ತೆ, ಸದ್ದೆಲ್ಲ ನಿಂತೋಗುತ್ತೆ. ಎಲ್ಲ ನಿಧಾನ. ಊರೆಲ್ಲ ಕಾಣುತ್ತೆ."

"ನಮ್ಮನೆ ಕಾಣ್ತದಾ?"

"ಹುಡುಕಿದ್ರೆ ಕಾಣುತ್ತೆ."

ಅವರು ಯೋಚಿಸಿದರು. "ಇನ್ನೊಂದ್ಸಲ ಯೋಳು" ಅಂದರು. ಮೊದಲಿಂದ ಹೇಳಿದೆ. ಮರುದಿನವೂ ಕೇಳಿದರು, ಹೇಳಿದೆ. ಅದರ ಮರುದಿನ ಕೇಳುವ ಸ್ಥಿತಿಯಲ್ಲಿರಲಿಲ್ಲ. ಆದರೂ ಕಿವಿಯ ಹತ್ತಿರ ಬಾಗಿ, ಬಾಗಿಲಿನಿಂದ ನೆಲದವರೆಗೆ, ಏನನ್ನೂ ಬಿಡದೆ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಅತ್ತೆ ಹೋಗಿದ್ದರು.